ಸುಶೀಲಾ ಮೇಡಂಗೆಂದು ಮಾಡಿದ ಸಿ.ಡಿ.

ಇದು ನಡೆದದ್ದು 2008ರಲ್ಲಿ, ದಸರಾ ರಜೆ ಹತ್ತಿರ ಬರುತ್ತಿದ್ದಾಗ. ಆಗ ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರ್ ಆಗಿದ್ದೆ. ಕಾಯಂ ಕೆಲಸವಲ್ಲ, ವರ್ಷ ವರ್ಷವೂ ಮುಂದುವರಿಸುವ ಗುತ್ತಿಗೆ. ಮನೆ ನಂಜನಗೂಡಿನಲ್ಲಿ. ದಿನಾ ಬಸ್ಸಿನಲ್ಲಿ ಓಡಾಟ. ಸೀಟು ಸಿಕ್ಕ ದಿನ ನಿದ್ದೆ, ಸಿಗದ ದಿನ ಕಂಡಕ್ಟರ್ ಜೊತೆ ಜಗಳ. ಶಾಲೆಯಲ್ಲಿ ಹೆಡ್‌ಮಾಸ್ಟರಿಂದ ಹಿಡಿದು ಅಟೆಂಡರ್ ಸಿದ್ದಯ್ಯನವರೆಗೆ ಎಲ್ಲರೂ ನನ್ನನ್ನು ‘ಕಂಪ್ಯೂಟರಮ್ಮ’ ಅಂತಲೇ ಕರೆಯುತ್ತಿದ್ದರು. ಭಾಗ್ಯ ಅಂತ ಹೆಸರು ಹಿಡಿದು ಕರೆಯುತ್ತಿದ್ದವರು ಕನ್ನಡದ ಸುಶೀಲಾ ಮೇಡಂ ಒಬ್ಬರೇ.

ನಮ್ಮ ಕಂಪ್ಯೂಟರ್ ರೂಮಿನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಅನ್ನುವ ಗಾದೆ ಅಲ್ಲಿಗೆ ಸರಿಯಾಗಿ ಹೊಂದುತ್ತಿತ್ತು. ಕಂಪ್ಯೂಟರುಗಳನ್ನು ಒದಗಿಸಿದ ಗುತ್ತಿಗೆದಾರರು, ಡಬ್ಬ ಬಿಚ್ಚಬಾರದು, ಒಳಗಿರುವುದನ್ನು ಅಳಿಸಬಾರದು, ಸಿ.ಡಿ. ಹಾಕಿ ಬೇರೆ ಯಾವ ವ್ಯವಸ್ಥೆಯನ್ನೂ ಚಾಲೂ ಮಾಡಬಾರದು ಎಂದು ಹೇಳಿ, ಯಾರೂ ಮಾಡಲಾಗದ ಹಾಗೆ ಪಾಸ್‌ವರ್ಡ್ ಬೇರೆ ಹಾಕಿ ಹೋಗಿದ್ದರು. ಇನ್ನು ಸ್ಪೀಕರುಗಳಂತೂ ಗಣಪತಿ ಹಬ್ಬದ ದಿನ ಹುಡುಗರು ಸಿನಿಮಾ ಹಾಡು ಹಾಕಿ ಕುಣಿದ ತಪ್ಪಿಗೆ ಹೆಡ್‌ಮಾಸ್ಟರ ಬೀರು ಸೇರಿದ್ದವು. ಹೀಗಾಗಿ ನಮ್ಮದು ಸದ್ದಿಲ್ಲದ ಕಂಪ್ಯೂಟರ್ ರೂಮು. ಗದ್ದಲವೆಲ್ಲ ಮಕ್ಕಳದು ಮತ್ತು ನನ್ನದು.

ಸುಶೀಲಾ ಮೇಡಂ ಊರು ಸೋಸಲೆ. ಐವತ್ತು ದಾಟಿದ್ದರು. ಕಣ್ಣಿನೊಳಗೆ ಒತ್ತಡ ಹೆಚ್ಚುವ ಕಾಯಿಲೆ ಅವರಿಗೆ. ನೋವಿಲ್ಲದೆ, ಹೇಳದೆ ಕೇಳದೆ ಬಂದು, ಗೊತ್ತಾಗುವ ಹೊತ್ತಿಗೆ ಬಹುಪಾಲು ದೃಷ್ಟಿಯನ್ನು ತಿಂದು ಹಾಕಿತ್ತು. ಹೋದದ್ದು ಹೋಯಿತು, ಇನ್ನು ಬರುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ನಾನು ಹೇಳುತ್ತಿರುವ ಹೊತ್ತಿಗೆ ಅವರಿಗೆ ಕಿಟಕಿ ಎಲ್ಲಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು, ಅದೂ ಬಿಸಿಲಿದ್ದರೆ.

ಆದರೂ ಪಾಠಕ್ಕೆ ಅವರಿಗೆ ತೊಂದರೆ ಇರಲಿಲ್ಲ. ಪದ್ಯಗಳೆಲ್ಲ ಬಾಯಿಪಾಠ, ಗದ್ಯವೂ ಹೆಚ್ಚುಕಡಿಮೆ ಬಾಯಿಪಾಠ. ಅವರ ಕ್ಲಾಸಿನ ಹೊರಗೆ ಹಾದು ಹೋಗುವಾಗ ನಾನೂ ನಿಂತು ಕೇಳುತ್ತಿದ್ದೆ. ಅವರನ್ನು ಕಾಡುತ್ತಿದ್ದದ್ದು ಮಕ್ಕಳ ಬರವಣಿಗೆ. ಪ್ರಬಂಧಗಳನ್ನು ಸ್ಟಾಫ್ ರೂಮಿನಲ್ಲಿ ಬಿಡುವಿದ್ದವರು ಯಾರಾದರೂ ಓದಿ ಹೇಳುತ್ತಿದ್ದರು. ಒಂದು ದಿನ ಹಾಗೆ ನಾನೇ ಓದಿ ಮುಗಿಸಿದ ಮೇಲೆ ಅವರು ನಾನು ಮರೆಯದ ಒಂದು ಮಾತು ಹೇಳಿದರು.

“ಓದಿ ಹೇಳೋರೆಲ್ಲ ಒಳ್ಳೇವ್ರು ಕಣೇ ಭಾಗ್ಯ. ಅದೇ ಕಷ್ಟ ಆಗಿರೋದು. ಮಗು ತಪ್ಪು ಬರೆದಿದ್ರೆ ನೀವು ಸರಿ ಮಾಡ್ಕೊಂಡು ಓದ್ತೀರಿ. ಅರ್ಧ ಬರೆದಿದ್ರೆ ಪೂರ್ತಿ ಮಾಡಿ ಓದ್ತೀರಿ. ನನ್ ಕಿವಿಗೆ ಬರೋ ಹೊತ್ಗೆ ಎಲ್ಲಾ ಮಕ್ಳೂ ಬುದ್ಧಿವಂತರೇ. ಇನ್ನು ನಾನೇನು ಕಲಿಸ್ಲಿ?”

ಆಗಷ್ಟೇ ಓದಿದ ಪ್ರಬಂಧದಲ್ಲಿ ನಾನು ಮಾಡಿದ್ದೂ ಅದನ್ನೇ.

ಹೆಡ್‌ಮಾಸ್ಟರು ಕೆಟ್ಟವರಲ್ಲ. ಆದರೆ ಪೋಷಕರೊಬ್ಬರು ಬಂದು, ಕಣ್ಣು ಕಾಣದವರು ಮಕ್ಕಳ ಪುಸ್ತಕ ತಿದ್ದುವುದು ಹೇಗೆ ಎಂದು ಕೇಳಿ ಹೋದ ಮೇಲೆ ಅವರು ಮೇಡಂ ಅವರನ್ನು ಕರೆಸಿ, ದಸರಾ ರಜೆ ಆದ ಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡರೆ ಮರ್ಯಾದೆಯಾಗಿ ಕಳಿಸಿಕೊಡುತ್ತೇವೆ ಎಂದರು. ಮೇಡಂ ಯೋಚಿಸಿ ಹೇಳುತ್ತೇನೆ ಎಂದು ಬಂದರು. ನನ್ನ ಹತ್ತಿರ ಮಾತ್ರ, ಮಕ್ಕಳು ಬರೆದದ್ದು ತಮಗೆ ಇದ್ದ ಹಾಗೆ ತಲುಪುವುದಾದರೆ ಇರುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಕುರ್ಚಿ ಬಿಸಿ ಮಾಡುವುದು ತಮಗೂ ಬೇಡ ಎಂದರು. ಅವರ ದನಿಯಲ್ಲಿ ಅಳು ಇರಲಿಲ್ಲ. ಅಳು ಬಂದದ್ದು ನನಗೆ.

ಮೈಸೂರಿನಲ್ಲಿ ಮಹೇಶ ಅಂತ ನನ್ನ ಡಿಪ್ಲೊಮಾ ಸಹಪಾಠಿ ಒಬ್ಬ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಲಿನಕ್ಸ್ ಎಂದರೆ ಅವನಿಗೆ ಪ್ರಾಣ. ಅದು ಯಾರು ಬೇಕಾದರೂ ಪುಕ್ಕಟೆ ಬಳಸಿ, ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದಾದ, ಕಂಪ್ಯೂಟರನ್ನು ನಡೆಸುವ ಕಾರ್ಯಾಚರಣೆ ವ್ಯವಸ್ಥೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಅದರಲ್ಲಿದೆ, ಕನ್ನಡವನ್ನೂ ಹಾಗೋ ಹೀಗೋ ಓದುತ್ತದೆ ಎಂದು ಅವನು ಹೇಳಿದಾಗ ನನಗೆ ಮೈಯೆಲ್ಲ ಕಿವಿಯಾಯಿತು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಮಗು ಏನು ಬರೆದಿದೆಯೋ ಅದನ್ನೇ ಓದುತ್ತದೆ. ಮೇಡಂಗೆ ಬೇಕಾಗಿದ್ದದ್ದೂ ಅದೇ ತಾನೇ?

ಭಾನುವಾರಗಳೆಲ್ಲ ಅವನ ಅಂಗಡಿಯಲ್ಲಿ ಕಳೆದವು. ಮನೆ ಖಾಲಿ ಮಾಡುವಾಗ ಬೇಡದ್ದನ್ನೆಲ್ಲ ಹೊರಗೆ ಹಾಕುತ್ತಾರಲ್ಲ, ಹಾಗೆ ಆಟ, ಚಿತ್ರ, ಅಲಂಕಾರ ಎಲ್ಲ ಕಿತ್ತು ಹಾಕಿದೆವು. ಕನ್ನಡದ ಅಕ್ಷರ, ಕನ್ನಡದ ಕೀಲಿಮಣೆ, ಓದುವ ಪ್ರೋಗ್ರಾಂ ಇಷ್ಟನ್ನು ಉಳಿಸಿದೆವು. ಚಾಲೂ ಆದ ತಕ್ಷಣ ಅದು ತಾನಾಗಿಯೇ “ನಮಸ್ಕಾರ ಮೇಡಂ, ನಾನು ಸಿದ್ಧ” ಅನ್ನುವ ಹಾಗೆ ಮಾಡಿದೆವು. ಒಂದು ಗುಂಡಿ ಒತ್ತಿದರೆ ಮಕ್ಕಳ ಪ್ರಬಂಧ ಓದಬೇಕು, ಇನ್ನೊಂದು ಒತ್ತಿದರೆ ನಿಲ್ಲಬೇಕು. ಪರೀಕ್ಷೆಗೆಂದು, ನನ್ನ ಪೀರಿಯಡ್ಡಿನಲ್ಲಿ ಎಂಟನೇ ತರಗತಿಯವರು ‘ನಮ್ಮ ಶಾಲೆ’ ಎಂದು ಟೈಪ್ ಮಾಡಿದ್ದ ಸಾಲುಗಳನ್ನು ಹಾಗೇ ತುಂಬಿದೆ. ಅವುಗಳನ್ನು ನಾನು ಓದಿಯೂ ಇರಲಿಲ್ಲ. ನಾನು ಗಮನಿಸುತ್ತಿದ್ದದ್ದು ಯಾರು ಎಷ್ಟು ಬೆರಳಲ್ಲಿ ಟೈಪ್ ಮಾಡುತ್ತಾರೆ ಎಂಬುದನ್ನು ಮಾತ್ರ.

ಮಹೇಶನ ಅಂಗಡಿಯಲ್ಲಿ ಅದು ಮೊದಲ ಸಲ “ನಮಸ್ಕಾರ ಮೇಡಂ” ಎಂದಾಗ, ನೆಗಡಿಯಾದ ಮನುಷ್ಯ ಮೊನ್ನೆ ಮೊನ್ನೆ ಕನ್ನಡ ಕಲಿತು ಬಂದ ಹಾಗಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲವನ್ನೂ ಒಂದು ಸಿ.ಡಿ.ಗೆ ಇಳಿಸಿಕೊಂಡು ಸೋಮವಾರ ಬಸ್ಸು ಹತ್ತಿದೆ. ಅವತ್ತು ಸೀಟು ಸಿಗದಿದ್ದರೂ ಯಾರ ಜೊತೆಗೂ ಜಗಳವಾಡಲಿಲ್ಲ.

ಶಾಲೆಯ ಕಂಪ್ಯೂಟರನ್ನು ಸಿ.ಡಿ.ಯಿಂದ ಚಾಲೂ ಮಾಡುವ ಹಾಗಿರಲಿಲ್ಲವಲ್ಲ, ಅದಕ್ಕೆ ಮಹೇಶ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದ. ಇರುವ ಕಂಪ್ಯೂಟರಿನ ಒಳಗೇ ಇನ್ನೊಂದು ಸುಳ್ಳು ಕಂಪ್ಯೂಟರನ್ನು ಹುಟ್ಟಿಸುವ ಒಂದು ಪ್ರೋಗ್ರಾಂ ಇದೆ. ಮಕ್ಕಳು ಪಡಸಾಲೆಯಲ್ಲಿ ಸೀರೆ ಕಟ್ಟಿ ಆಟದ ಮನೆ ಮಾಡಿಕೊಳ್ಳುತ್ತಾರಲ್ಲ, ಹಾಗೆ. ಒಳಗಿನ ಆಟದ ಮನೆಯಲ್ಲಿ ನಮ್ಮ ಲಿನಕ್ಸ್ ಓಡುತ್ತದೆ, ಹೊರಗಿನ ಮನೆಗೆ ಏನೂ ಆಗುವುದಿಲ್ಲ, ಗುತ್ತಿಗೆದಾರರ ಶರತ್ತೂ ಮುರಿಯುವುದಿಲ್ಲ.

ಹೇಳಿದ ಹಾಗೆಯೇ ಮಾಡಿದೆ. ಪರದೆಯ ಮೇಲೆ ಒಂದು ಪುಟ್ಟ ಕಿಟಕಿ ತೆರೆಯಿತು. ಅದರೊಳಗೆ ಇಂಗ್ಲಿಷ್ ಸಾಲುಗಳು ಸರಸರ ಮೇಲೇರಿದವು. ಆಮೇಲೆ ಕಪ್ಪಾಯಿತು. ಕಾದೆ. ಕಪ್ಪು. ಇನ್ನೂ ಕಾದೆ. ಕಪ್ಪೇ.

ಆ ವಾರವಿಡೀ ನಾನು ಆ ಕಪ್ಪು ಕಿಟಕಿಯ ಜೊತೆ ಗುದ್ದಾಡಿದೆ. ಮೆಮೊರಿ ಸಾಲದಾಗಿದೆಯೇನೋ ಎಂದು ಹೆಚ್ಚು ಕೊಟ್ಟು ನೋಡಿದೆ, ಹೊರಗಿನ ಕಂಪ್ಯೂಟರೇ ಉಸಿರು ಕಟ್ಟಿ ನಿಂತಿತು. ಕಡಿಮೆ ಕೊಟ್ಟು ನೋಡಿದೆ. ಸಿ.ಡಿ. ಗೀಚಿಹೋಗಿದೆಯೇನೋ ಎಂದು ಮೈಸೂರಿನಿಂದ ಇನ್ನೊಂದು ಸಿ.ಡಿ. ತರಿಸಿಕೊಂಡೆ. ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಮಹೇಶನಿಗೆ ಫೋನ್ ಮಾಡಿದರೆ ಅವನದು ಒಂದೇ ಪ್ರಶ್ನೆ, ಸ್ಕ್ರೀನಲ್ಲಿ ಏನು ಕಾಣುತ್ತಿದೆ? ನನ್ನದು ಒಂದೇ ಉತ್ತರ, ಕಪ್ಪು. ತನ್ನ ಅಂಗಡಿಯಲ್ಲಿ ಚೆನ್ನಾಗಿಯೇ ಏಳುತ್ತಿದೆ, ಕಂಪ್ಯೂಟರನ್ನೇ ಇಲ್ಲಿಗೆ ತಂದುಬಿಡು ಎಂದ. ಶಾಲೆಯ ಕಂಪ್ಯೂಟರನ್ನು ಬಸ್ಸಿನಲ್ಲಿ ಹೊತ್ತು ತಂದರೆ ನನ್ನನ್ನು ನೇರವಾಗಿ ಪೊಲೀಸ್ ಠಾಣೆಯಲ್ಲೇ ಇಳಿಸುತ್ತಾರೆ ಎಂದು ರೇಗಿದೆ. ರಜೆ ಶುರುವಾದ ಮೇಲೆ ತಾನೇ ಬರುತ್ತೇನೆ ಎಂದ. ಆದರೆ ಮೇಡಂ ತಮ್ಮ ನಿರ್ಧಾರವನ್ನು ರಜೆಗೆ ಮೊದಲೇ ಹೇಳಬೇಕಿತ್ತು.

ದಿನಾ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಮೇಡಂ ನನ್ನ ಹೆಜ್ಜೆ ಸದ್ದು ಕೇಳಿ ನನ್ನತ್ತ ಮುಖ ತಿರುಗಿಸುತ್ತಿದ್ದರು, ಆದರೆ ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು. ಕೇಳದೆ ಡಬ್ಬಿಯಿಂದ ಚಿತ್ರಾನ್ನ ತೆಗೆದು ನನ್ನ ಮುಚ್ಚಳಕ್ಕೆ ಹಾಕುತ್ತಿದ್ದರು. ಓದಿ ಹೇಳುವ ಕಂಪ್ಯೂಟರ್ ತರುತ್ತೇನೆ ಎಂದು ಅವರಿಗೆ ಹೇಳಿ ಆಸೆ ಹುಟ್ಟಿಸಿದವಳು ನಾನು. ಇಷ್ಟು ದಿನ ಇಲ್ಲದ ಆಸೆಯನ್ನು ಹುಟ್ಟಿಸಿ, ಈಗ ಆಗಲಿಲ್ಲ ಮೇಡಂ ಎಂದು ಹೇಳುವುದು ಹೇಗೆ?

ರಜೆಗೆ ಮುಂಚಿನ ಶನಿವಾರ ಬಂತು. ಬೆಳಗಿನ ಶಾಲೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಮೇಡಂ ಗೋಡೆ ಹಿಡಿದುಕೊಂಡು ಕಂಪ್ಯೂಟರ್ ರೂಮಿಗೇ ಬಂದರು. ತಮ್ಮ ಬಸ್ಸಿಗೆ ಇನ್ನೂ ಹೊತ್ತಿದೆ, ಅಲ್ಲಿಯವರೆಗೆ ಕೂತಿರುತ್ತೇನೆ ಎಂದರು. ನಾನು ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿದೆ. ಕೊನೆಯ ಸಲ ಎಂದುಕೊಂಡು ಮತ್ತೆ ಚಾಲೂ ಮಾಡಿದೆ. ಸಾಲುಗಳು ಓಡಿದವು, ಕಪ್ಪಾಯಿತು. ನಾನು ಮೇಜಿನ ಮೇಲೆ ತಲೆ ಇಟ್ಟೆ.

ಸಿದ್ದಯ್ಯ ಕಸ ಗುಡಿಸುತ್ತಿದ್ದವನು ಪೊರಕೆ ಹಿಡಿದುಕೊಂಡೇ ನನ್ನ ಹಿಂದೆ ಬಂದು ನಿಂತ. ವಾರದಿಂದ ಅವನೂ ಈ ನಾಟಕ ನೋಡುತ್ತಿದ್ದ. ನಂಜುಂಡಪ್ಪನಿಗೆ ಒಂದು ಹರಕೆ ಕಟ್ಟಿಕೊಳ್ಳಿ ಎಂದು ಆಗಲೇ ಎರಡು ಸಲ ಹೇಳಿಯೂ ಆಗಿತ್ತು.

“ಇದ್ಕೂ ಕಣ್ ಓಗ್ಬುಟ್ಟದೆ ಕಣ್ರವ್ವಾ,” ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಮೇಡಂ ಪಕ್ಕದಲ್ಲೇ ಕೂತಿರುವಾಗ ಆಡುವ ಮಾತೇ ಇದು? ಅವನತ್ತ ತಿರುಗಿ ಕಣ್ಣಲ್ಲೇ ನುಂಗುವ ಹಾಗೆ ನೋಡಿದೆ. ಅವನಿಗೂ ಆಗ ಅರ್ಥವಾಗಿ ನಾಲಿಗೆ ಕಚ್ಚಿಕೊಂಡ. ಮೇಡಂ ಮಾತ್ರ ನಕ್ಕರು. ನಗುತ್ತಲೇ ನನ್ನ ಕಡೆಗೆ ಮುಖ ತಿರುಗಿಸಿದರು.

“ಅಲ್ಲ ಭಾಗ್ಯ, ಕಣ್ಣು ಹೋದ್ರೆ ಬಾಯಿನೂ ಹೋಗುತ್ತೇನೇ? ಅದಕ್ಕೆ ಮಾತು ಬರುತ್ತೆ ಅಂದಿದ್ಯಲ್ಲ. ಮಾತಾಡುತ್ತಾ ಅಂತ ನೋಡಿದ್ಯಾ?”

ನಾನು ನೋಡಿರಲಿಲ್ಲ. ಕಣ್ಣು ಕಾಣದವರಿಗೆಂದು, ಪರದೆಯೇ ಬೇಕಾಗದ ಹಾಗೆ ಒಂದು ವ್ಯವಸ್ಥೆ ಮಾಡಿದ್ದೆವು. ಮಾಡಿ, ಅದು ಎದ್ದಿದೆಯೋ ಇಲ್ಲವೋ ಎಂದು ವಾರವಿಡೀ ಪರದೆಯನ್ನೇ ನೋಡುತ್ತಾ ಕೂತಿದ್ದೆ. ಅತ್ತ ಮಹೇಶನೂ ದಿನಾ ಏನು ಕಾಣುತ್ತಿದೆ ಎಂದೇ ಕೇಳುತ್ತಿದ್ದ. ಏನು ಕೇಳಿಸುತ್ತಿದೆ ಎಂದು ನಮ್ಮಿಬ್ಬರಲ್ಲಿ ಒಬ್ಬರೂ ಕೇಳಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ನಮ್ಮಮ್ಮ ಯಾರನ್ನಾದರೂ ಬೈಯುವಾಗ ನಾನು ನಗುತ್ತಿದ್ದೆ.

ಆದರೆ ಕೇಳುವುದಕ್ಕೆ ಸ್ಪೀಕರ್ ಎಲ್ಲಿ? ಹೆಡ್‌ಮಾಸ್ಟರ ಬೀರುವಿನಲ್ಲಿ. ಅವರು ಮನೆಗೆ ಹೊರಟು ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು. ಸಿದ್ದಯ್ಯ ತನ್ನ ತಪ್ಪಿಗೆ ಪ್ರಾಯಶ್ಚಿತ್ತ ಅನ್ನುವ ಹಾಗೆ ಪೊರಕೆ ಬಿಸಾಕಿ, “ಸಾ, ಒಸಿ ತಡೀರಿ ಸಾ” ಎಂದು ಕೂಗುತ್ತಾ ಗೇಟಿನವರೆಗೂ ಓಡಿದ. ಹೆಡ್‌ಮಾಸ್ಟರು ಬೀಗದ ಕೈ ಗೊಂಚಲು ಹಿಡಿದು, ಮತ್ತೆ ಸಿನಿಮಾ ಹಾಡೇನಮ್ಮಾ ಎಂದು ಗೊಣಗುತ್ತಲೇ ಬಂದರು. ಬೀರು ತೆಗೆಸಿ, ಸ್ಪೀಕರುಗಳ ಧೂಳನ್ನು ಸೆರಗಿನಿಂದಲೇ ಒರೆಸಿ, ತಂದು ಜೋಡಿಸಿದೆ. ಒಳಗಿನ ಸುಳ್ಳು ಕಂಪ್ಯೂಟರನ್ನು ಆರಿಸಿ ಮತ್ತೆ ಚಾಲೂ ಮಾಡಿದೆ. ಅವತ್ತು ಕರೆಂಟು ಹೋಗದಿದ್ದದ್ದೇ ದೊಡ್ಡದು.

ಸಾಲುಗಳು ಓಡಿದವು. ಪರದೆ ಎಂದಿನ ಹಾಗೆ ಕಪ್ಪಾಯಿತು. ನಾವು ನಾಲ್ವರೂ ಆ ಕಪ್ಪಿನ ಮುಂದೆ ಕಾದೆವು. ಆಮೇಲೆ ಸ್ಪೀಕರಿನೊಳಗೆ ಏನೋ ಗೊರಗುಟ್ಟಿದ ಸದ್ದಾಯಿತು.

“ನಮಸ್ಕಾರ ಮೇಡಂ. ನಾನು ಸಿದ್ಧ.”

ಮೇಡಂ ಎರಡೂ ಕೈ ಎತ್ತಿ ಪರದೆಗೆ ನಮಸ್ಕಾರ ಮಾಡಿದರು. ತಮಾಷೆಗಲ್ಲ, ಮನೆಗೆ ಬಂದವರಿಗೆ ಮಾಡುವ ಹಾಗೆ. ನನಗೆ ಅಳು ಬಂದುಬಿಟ್ಟಿತು. ದಿನಾ ಬಂದು ನಮಸ್ಕಾರ ಹೇಳುತ್ತಿದ್ದದ್ದನ್ನು ನಾನು ದಿನಾ ಸತ್ತಿದೆ ಎಂದು ಮುಚ್ಚಿ ಮನೆಗೆ ಹೋಗಿದ್ದೆನಲ್ಲ.

ಕಣ್ಣೊರೆಸಿಕೊಂಡು, ಯಾವ ಗುಂಡಿ ಎಂದು ನೆನಪು ಮಾಡಿಕೊಂಡು ಒತ್ತಿದೆ. ಯಂತ್ರ ಮೂಗಿನಲ್ಲೇ ಓದತೊಡಗಿತು. ನಮ್ಮ ಶಾಲೆ ಹೊಳೆ ಹತ್ತಿರ ಇದೆ. ನಮ್ಮ ಶಾಲೆಯಲ್ಲಿ ದೊಡ್ಡ ಬೇವಿನ ಮರ ಇದೆ. ಬಿಸಿಯೂಟ ಚೆನ್ನಾಗಿರುತ್ತದೆ ಸೋಮವಾರ ಚೆನ್ನಾಗಿರಲ್ಲ. ಹೆಡ್‌ಮಾಸ್ಟರು ನಕ್ಕರು. ಮೇಡಂ ಕುರ್ಚಿಯ ತುದಿಗೆ ಸರಿದು, ಸ್ಪೀಕರಿನ ಕಡೆಗೆ ಕಿವಿ ವಾಲಿಸಿ ಕೂತಿದ್ದರು. ಯಂತ್ರ ಮುಂದುವರಿಯಿತು.

“ಕನ್ನಡ ಮಿಸ್ಸಿಗೆ ಕಣ್ಣು ಕಾಣಲ್ಲ. ಹೋಂವರ್ಕ್ ಮಾಡಿದ್ದೀರಾ ಅಂದರೆ ಖಾಲಿ ಪುಸ್ತಕದ ಹಾಳೆ ಪರಪರ ತಿರುಗಿಸಿ ಮಾಡಿದ್ದೀವಿ ಮಿಸ್ ಅಂತೀವಿ. ಮಿಸ್ ಗುಡ್ ಅಂತಾರೆ. ಪಾಪ ಅನಿಸುತ್ತೆ. ಆದರೂ ಮಾಡಲ್ಲ.”

ನಿಲ್ಲಿಸುವ ಗುಂಡಿಯ ಕಡೆಗೆ ಕೈ ಚಾಚಿದೆ. ನನ್ನ ಬಳೆಯ ಸದ್ದಿನಿಂದಲೇ ಗೊತ್ತಾಯಿತೋ ಏನೋ, ಮೇಡಂ ನನ್ನ ಮಣಿಕಟ್ಟು ಹಿಡಿದುಕೊಂಡರು. ಗಟ್ಟಿಯಾಗಿ ಹಿಡಿದುಕೊಂಡರು.

“ಬಿಡು. ಓದ್ಲಿ.”

ಪ್ರಬಂಧ ಮುಗಿಯುವವರೆಗೂ ಕೈ ಬಿಡಲಿಲ್ಲ. ಹೆಡ್‌ಮಾಸ್ಟರು ಬೀಗದ ಕೈಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾ ನಿಂತಿದ್ದರು. ಸಿದ್ದಯ್ಯ ಬಾಗಿಲ ಕಡೆ ನೋಡುತ್ತಿದ್ದ. ಯಂತ್ರ ಸುಮ್ಮನಾದ ಮೇಲೆ ಮೇಡಂ ನಗಲು ಶುರು ಮಾಡಿದರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳುವುದಕ್ಕೂ ಅವರು ಹೋಗಲಿಲ್ಲ.

“ಇದನ್ನ ನೀವ್ಯಾರೂ ನಂಗೆ ಓದಿ ಹೇಳ್ತಿರ್ಲಿಲ್ಲ, ಅಲ್ವಾ?”

ಇಲ್ಲ ಮೇಡಂ ಎಂದೆ. ಅದು ನಿಜ. ನಾನು ಓದುವಾಗ ಆ ಸಾಲು ಬಂದಿದ್ದರೆ ಬಿಸಿಯೂಟದಿಂದ ನೇರವಾಗಿ ಮುಂದಿನ ಪ್ರಬಂಧಕ್ಕೆ ಹಾರಿಬಿಡುತ್ತಿದ್ದೆ. ಯಾರು ಬರೆದದ್ದು ಎಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಹೆಡ್‌ಮಾಸ್ಟರು ಮಾತ್ರ, ಶಾಲೆ ಶುರುವಾದ ದಿನವೇ ಆ ಹುಡುಗನನ್ನು ಕರೆಸಿ ವಿಚಾರಿಸುತ್ತೇನೆ ಎಂದರು. ಮೇಡಂ ಹೆಡ್‌ಮಾಸ್ಟರ ದನಿ ಬಂದ ಕಡೆಗೆ ತಿರುಗಿದರು.

“ಬೇಡಿ ಸಾರ್. ನಂಗೆ ನಿಜ ಹೇಳಿರೋನು ಅವನೊಬ್ನೇ. ರಜೆ ಮುಗಿದ ಮೇಲೆ ನಾನೇ ವಿಚಾರಿಸ್ಕೋತೀನಿ. ನಾನು ಹೋಗೋದಿಲ್ಲ ಸಾರ್. ಈ ಮುಂಡೇವಕ್ಕೆ ಹೋಂವರ್ಕ್ ಮಾಡೋದನ್ನ ಕಲಿಸದೆ ಎಲ್ಲಿಗೆ ಹೋಗ್ಲಿ?”

ಹೆಡ್‌ಮಾಸ್ಟರು ಆ ಬೀರುವಿನ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ನನ್ನ ಕೈಗೆ ಕೊಟ್ಟರು. ಮೇಡಂ ಅವರನ್ನು ಅವತ್ತು ಬಸ್‌ಸ್ಟ್ಯಾಂಡಿನವರೆಗೆ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು “ಪಾಪ ಅನಿಸುತ್ತೆ, ಆದರೂ ಮಾಡಲ್ಲ” ಎಂದು ಯಂತ್ರದ ದನಿಯಲ್ಲಿ ಹೇಳಿಕೊಂಡು ನಗುತ್ತಿದ್ದರು.

ರಜೆಯಲ್ಲಿ ಮಹೇಶ ಬಂದು ಪರದೆಯ ಕಾಯಿಲೆಯನ್ನು ಚಿಟಿಕೆ ಹೊಡೆಯುವುದರಲ್ಲಿ ಕಂಡುಹಿಡಿದ. ಅವನ ಅಂಗಡಿಯ ಮಾನಿಟರಿಗೆ ಹೊಂದುವ ಸೆಟಿಂಗು ಸಿ.ಡಿ.ಯೊಳಗೇ ಉಳಿದುಬಿಟ್ಟಿತ್ತು. ಸುಳ್ಳು ಕಂಪ್ಯೂಟರಿನ ಸುಳ್ಳು ಪರದೆಗೆ ಅದು ಒಗ್ಗಿರಲಿಲ್ಲ, ಅಷ್ಟೇ. ಮಿಕ್ಕಿದ್ದೆಲ್ಲ ಮೊದಲ ದಿನದಿಂದಲೂ ಸರಿಯಾಗಿಯೇ ಎದ್ದಿತ್ತು. ಆ ಒಂದು ಕಡತವನ್ನು ತೆಗೆದು ಹೊಸ ಸಿ.ಡಿ. ಮಾಡಿದ, ಪರದೆ ಬೆಳಗಿತು. ಮೇಡಂಗೆ ಈ ಸಂಭ್ರಮವನ್ನು ಹೇಳಿದರೆ, ಕರೆಂಟು ದಂಡ ಯಾಕೆ, ಮಾನಿಟರ್ ಆರಿಸಿಬಿಡಿ ಎಂದರು.

ಅವರು ನಿವೃತ್ತಿಯ ವಯಸ್ಸಿನವರೆಗೂ ಅದೇ ಶಾಲೆಯಲ್ಲಿ ಪಾಠ ಮಾಡಿದರು. ಎಂಟನೇ ತರಗತಿಯವರು ವಾರಕ್ಕೊಂದು ಪ್ರಬಂಧವನ್ನು ನನ್ನ ಪೀರಿಯಡ್ಡಿನಲ್ಲಿ ಟೈಪ್ ಮಾಡುವುದು, ಶನಿವಾರ ಮೇಡಂ ಕೂತು ಕೇಳುವುದು, ಸೋಮವಾರ ಒಬ್ಬೊಬ್ಬರನ್ನೇ ಹೆಸರು ಹಿಡಿದು ನಿಲ್ಲಿಸುವುದು ರೂಢಿಯಾಯಿತು. ಅವರಿಗೆ ತಪ್ಪು ಸಿಕ್ಕಿದಾಗ ಆಗುತ್ತಿದ್ದ ಖುಷಿಯನ್ನು ನೋಡಬೇಕಿತ್ತು. ಹಬ್ಬದ ದಿನ ಹೋಳಿಗೆ ಸಿಕ್ಕವರಿಗೂ ಅಷ್ಟು ಖುಷಿಯಾಗುವುದಿಲ್ಲ.

ನಾನು ಆ ಶಾಲೆ ಬಿಟ್ಟು ನಂಜನಗೂಡಿನಲ್ಲೇ ಬೇರೆ ಕೆಲಸಕ್ಕೆ ಸೇರಿ ಬಹಳ ವರ್ಷವಾಯಿತು. ಕಂಪ್ಯೂಟರ್ ಏಳುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಮೊದಲು ಕಿವಿ ಕೊಟ್ಟು ಕೇಳುವ ಅಭ್ಯಾಸ ಉಳಿದುಕೊಂಡಿದೆ. ಆದರೆ ಆ ಶನಿವಾರ ನನಗೆ ಕಲಿಸಿದ್ದು ಕಂಪ್ಯೂಟರ್ ವಿದ್ಯೆಯಲ್ಲ ಎಂದು ಗೊತ್ತಾದದ್ದು ಈಚೆಗೆ. ನಮ್ಮಪ್ಪನಿಗೆ ವಯಸ್ಸಾಗಿ ಕಣ್ಣು ಮಂಜಾಗಿದೆ. ಮೈಸೂರಿನ ಆಸ್ಪತ್ರೆಯಿಂದ ಬಂದ ಅವರ ರಿಪೋರ್ಟನ್ನು ಅಡುಗೆಮನೆಯ ಬಾಗಿಲಲ್ಲಿ ಕೂತು ನಾನೇ ಓದಿ ಹೇಳುತ್ತಿದ್ದೆ. ನಡುವೆ ಒಳ್ಳೆಯದಲ್ಲದ ಒಂದು ಸಾಲು ಬಂತು. ಬಿಟ್ಟು ಮುಂದೆ ಹೋಗೋಣ ಅನ್ನಿಸಿತು. ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಮೇಡಂ ಹಿಡಿದ ಮಣಿಕಟ್ಟು ನೆನಪಾಯಿತು. ಇದ್ದದ್ದನ್ನು ಇದ್ದ ಹಾಗೇ ಓದಿದೆ. ಅಪ್ಪ ಹಿತ್ತಲ ಕಡೆಗೆ ಮುಖ ತಿರುಗಿಸಿದರು. ಆಮೇಲೆ ನನ್ನ ತಲೆ ಮೇಲೆ ಕೈ ಇಟ್ಟು, “ಸರಿ ಕಣವ್ವ. ಮುಂದಕ್ಕೆ ಓದು,” ಅಂದರು.